ಮಾಂತುನ ಗಿಟಾರಿಗೆ ಕಿವಿ

ಹಡಪಸರ, ಪುಣೆ
18-7-2004

ಪೂಜ್ಯ ಅತ್ತೆಯವರಿಗೆ ಮಾಧುರಿಯ ನಮಸ್ಕಾರಗಳು.

ನಾನು ಕ್ಷೇಮ. ಫೋನಿನಲ್ಲಿ ಮಾತು ತಿಳಿಯುವುದಿಲ್ಲವೆಂದು ನೀವು ಅದನ್ನು ಗುರಣ್ಣ ಕಾಕಾ ಅವರ ಕೈಗೆ ಕೊಟ್ಟುಬಿಡುತ್ತೀರಿ. ಅವರ ಮೂಲಕ ಕೇಳಲಾಗದ ಒಂದು ಮಾತಿದೆ. ಅದಕ್ಕೇ ಈ ಪತ್ರ.

ಇವರ ಗಿಟಾರ್ ನನಗೆ ಬೇಕಾಗಿದೆ. ಆರು ವರ್ಷದ ಹಿಂದೆ ವರಂಧಾ ಘಾಟಿಗೆ ಹೊರಡುವಾಗ ನಿಮ್ಮಲ್ಲಿ ಬಿಟ್ಟುಹೋದದ್ದು, ಮಾಳಿಗೆಯ ಕಪಾಟಿನಲ್ಲಿ ನೀವು ಇಟ್ಟುಕೊಂಡಿದ್ದೀರಲ್ಲ, ಅದು.

ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿರುವುದು ನಿಮಗೆ ಗೊತ್ತೇ ಇದೆ. ಹೋದ ವರ್ಷ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಯಾರದೋ ಗಿಟಾರ್ ಕೇಳಿ ತಂದು ನುಡಿಸಿದೆ. ಎದುರಿಗೆ ಮೈಕು ನಿಲ್ಲಿಸಿದ್ದರು. ಅದು ಫ್ಯಾನಿನ ಸದ್ದು ಹಿಡಿಯಿತು, ಮಕ್ಕಳ ಬೂಟಿನ ಸದ್ದು ಹಿಡಿಯಿತು, ಗಿಟಾರನ್ನು ಮಾತ್ರ ಹಿಡಿಯಲಿಲ್ಲ. ಜೋರು ಮಾಡಿದರೆ ಸಿಳ್ಳೆ ಹೊಡೆಯಿತು. ಸೌಂಡಿನವರು ಒಂದು ಉಪಾಯ ಹೇಳಿದರು. ನಾಲ್ಕಾಣೆ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ ಬರುತ್ತದಂತೆ, ಪಿಕಪ್ ಎನ್ನುತ್ತಾರೆ. ಗಿಟಾರಿನ ಮುಂಭಾಗದ ತೆಳು ಹಲಗೆಗೆ ಅದನ್ನು ಒಳಗಡೆಯಿಂದ, ತಂತಿಗಳು ಕೂರುವ ಕುದುರೆಯ ಹತ್ತಿರ ಅಂಟಿಸಬೇಕು. ಅದು ಗಾಳಿಯಿಂದ ಏನನ್ನೂ ಕೇಳುವುದಿಲ್ಲ, ಮರ ನಡುಗಿದರೆ ಅದನ್ನೇ ಎತ್ತಿ ಸ್ಪೀಕರಿಗೆ ಕೊಡುತ್ತದೆ.

ಬೇರೆಯವರ ಗಿಟಾರಿನಲ್ಲಿ ಹಾಗೆ ಮಾಡಲಾಗುವುದಿಲ್ಲ. ಅಲ್ಲದೆ ನಾನು ಕಲಿತದ್ದು ಇವರ ಗಿಟಾರಿನ ಮೇಲೆ. ಬೇರೆಯದರ ಮೇಲೆ ಬೆರಳು ತಡವರಿಸುತ್ತವೆ.

ನೀವು ಬೇಡ ಎಂದರೆ ನನಗೆ ಬೇಸರವಿಲ್ಲ.

ನಿಮ್ಮ ಸೊಸೆ,
ಮಾಧುರಿ


ಭೋರ್
9-8-2004

ಚಿ. ಸೌ. ಮಾಧುರಿಗೆ ಸಾವಂತ್ರವ್ವ ಮಾಡುವ ಆಶೀರ್ವಾದಗಳು.

ಪತ್ರ ಮುಟ್ಟಿತು. ಗಿಟಾರ್ ಕೊಡುವುದಕ್ಕೆ ಆಗುವುದಿಲ್ಲ.

ಅದನ್ನು ಮಾಂತು ನನ್ನ ಕೈಯಲ್ಲಿ ಕೊಟ್ಟು ಹೋಗಿದ್ದಾನೆ. ಪುಣೆಯಿಂದ ಮೋಟಾರ್ ಸೈಕಲ್ ಮೇಲೆ ಬೆನ್ನಿಗೆ ಕಟ್ಟಿಕೊಂಡು ಬಂದಿದ್ದ. ಊಟ ಮಾಡಿದ, ಒಂದು ತಾಸು ನುಡಿಸಿದ. ಹೊರಡುವಾಗ, “ಅವ್ವಾ, ಮಳಿಯಾಗ ತೊಯ್ತದ, ಇಲ್ಲೇ ಇರಲಿ. ಘಾಟ್ ನೋಡಿಕೊಂಡು ಸಂಜೀಕ ಬರ್ತೀನಿ” ಅಂದ. ಮಾರನೆಯ ದಿನ ಗಾಡಿ ಘಾಟಿನ ಕಟ್ಟೆಯ ಪಕ್ಕ ಸ್ಟ್ಯಾಂಡ್ ಹಾಕಿ ನಿಲ್ಲಿಸಿದಂತೆಯೇ ನಿಂತಿತ್ತು. ಪೊಲೀಸರು ಹುಡುಕಿದರು, ಹಗ್ಗ ಕಟ್ಟಿಕೊಂಡು ಕಣಿವೆಗೆ ಇಳಿದವರು ಹುಡುಕಿದರು. ಅವನ ಒಂದು ಚಪ್ಪಲಿ ಕೂಡ ಸಿಗಲಿಲ್ಲ. ಬರುತ್ತೇನೆ ಎಂದು ಹೇಳಿಹೋದವನ ವಸ್ತುವನ್ನು ನಾನು ಹೇಗೆ ಎತ್ತಿ ಕೊಡಲಿ?

ಇನ್ನೊಂದು ಮಾತು. ಇದನ್ನು ಇಲ್ಲಿಯವರೆಗೆ ನಿನಗೆ ಹೇಳಿಲ್ಲ. ನನ್ನ ಕಿವಿ ಹೋಗಲು ಹತ್ತಿದಾಗ ಮಾಂತು ನನ್ನ ಕೈ ಹಿಡಿದು ಗಿಟಾರಿನ ಬೆನ್ನಿಗೆ ಇಡುತ್ತಿದ್ದ. “ಕೈಯಾಗ ಕೇಳವಾ” ಅನ್ನುತ್ತಿದ್ದ. ಈಗಲೂ ನಾನು ದಿನಾ ದೀಪ ಹಚ್ಚಿದ ಮೇಲೆ ಕಪಾಟು ತೆಗೆದು ಕೈ ಇಡುತ್ತೇನೆ. ಸಣ್ಣಗೆ ನಡುಗುತ್ತದೆ. ಯಾರೂ ಮುಟ್ಟಿರುವುದಿಲ್ಲ, ತಂತಿ ಸುಮ್ಮನಿರುತ್ತದೆ, ಆದರೆ ಒಳಗೆ ನಡುಗುತ್ತದೆ. ಗುರಣ್ಣನಿಗೆ ಹೇಳಿದರೆ, “ವೈನಿ, ಎಸ್.ಟಿ. ಬಸ್ ಹೋದ್ರ ಇಡೀ ಮನೀನ ನಡಗ್ತದ” ಅನ್ನುತ್ತಾನೆ. ಬಸ್ಸು ಇಲ್ಲದಾಗಲೂ ನಡುಗುತ್ತದೆ.

ಎಲ್ಲೋ ಇದ್ದಾನೆ ಮಾಧುರಿ. ನನಗೆ ತಿಳಿಯಲಿ ಎಂದು ಹಾಗೆ ಮಾಡುತ್ತಾನೆ. ಅದನ್ನು ಕೊಟ್ಟುಬಿಟ್ಟರೆ ನನಗೆ ತಿಳಿಯುವುದು ಹೇಗೆ?

ನಿನ್ನ ಅತ್ತೆ,
ಸಾವಂತ್ರವ್ವ


ಭೋರ್
27-11-2004

ಚಿ. ಸೌ. ಮಾಧುರಿಗೆ ಆಶೀರ್ವಾದಗಳು.

ಗುರಣ್ಣ ಬಟ್ಟೆ ತರಲು ಪುಣೆಗೆ ಬರುತ್ತಿದ್ದಾನೆ. ಅವನ ಸಂಗಡ ಗಿಟಾರ್ ಕಳಿಸಿದ್ದೇನೆ.

ದೀಪಾವಳಿಗೆ ಬಂದಾಗ ನೀನು ಅದರ ಮಾತು ತೆಗೆಯಲಿಲ್ಲ. ನಾನು ಕಪಾಟು ತೆಗೆದಾಗ ಬಾಗಿಲಲ್ಲಿ ನಿಂತು ನೋಡಿದೆ, ಆಮೇಲೆ ಕೆಳಗಿಳಿದು ಹೋದೆ. ನಿನಗೆ ಕೈ ಇಡಬೇಕೆನಿಸಿತ್ತೋ ಹೆದರಿಕೆಯಾಗಿತ್ತೋ ನನಗೆ ತಿಳಿಯಲಿಲ್ಲ.

ಈ ಮಳೆಗಾಲದಲ್ಲಿ ಮಾಳಿಗೆಯ ಗೋಡೆಗೆ ಥಂಡಿ ಇಳಿದಿದೆ. ಗಿಟಾರಿನ ಹೊಟ್ಟೆ ಉಬ್ಬುತ್ತಿದೆ ಎಂದು ಗುರಣ್ಣ ಹೇಳಿದ. ನಡುಕವೂ ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ನಿನ್ನ ಮನೆ ಅವನ ಮನೆಯೂ ಹೌದಲ್ಲ. ಅಲ್ಲಿಗೆ ಬರಬೇಕೆಂದು ಅವನಿಗೆ ಇದ್ದರೆ ನಾನೇಕೆ ಅಡ್ಡ ಕೂರಲಿ?

ಬಿಲ್ಲೆ ಅಂಟಿಸಿಕೋ. ಆದರೆ ಎಲ್ಲಿಯೂ ಕೊಯ್ಯಬಾರದು, ಕೊರೆಯಬಾರದು. ಅವನು ಬಂದು ನೋಡಿದಾಗ ತಾನು ಕೊಟ್ಟ ಹಾಗೆಯೇ ಇರಬೇಕು.

ನಿನ್ನ ಅತ್ತೆ,
ಸಾವಂತ್ರವ್ವ


ಹಡಪಸರ, ಪುಣೆ
16-1-2005

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಗ್ಯಾದರಿಂಗ್ ಮುಗಿಯಿತು. ಮಕ್ಕಳು ಚೆನ್ನಾಗಿ ಹಾಡಿದರು. ಗಿಟಾರ್ ಸಭಾಗೃಹದ ಕೊನೆಯವರೆಗೂ ಕೇಳಿಸಿತಂತೆ.

ಪಿಕಪ್ ಕೂರಿಸಿಕೊಟ್ಟವರು ಅದರ ಉಪಾಯ ಹೇಳಿದ್ದ ಸುಖೇಶ್ ಅವರು. ಮನೆಗೇ ಬಂದಿದ್ದರು. ತಂತಿಗಳನ್ನು ಸಡಿಲಿಸಿ, ಗಿಟಾರಿನ ಬಾಯಿಯಲ್ಲಿ ಕೈ ಇಳಿಸಿ, ಕಡ್ಡಿಗೆ ಕಟ್ಟಿದ ಕನ್ನಡಿಯಿಂದ ಒಳಗೆಲ್ಲ ನೋಡಿದರು. ಒಳಗೆ ಧೂಳು, ಒಂದು ಖಾಲಿ ಜೇಡನ ಗೂಡು, ಮತ್ತೇನೂ ಇರಲಿಲ್ಲ. ನಾನು ಏನೋ ಇರುತ್ತದೆ ಎಂದುಕೊಂಡಿದ್ದೆ. ಏನು ಎಂದು ಕೇಳಬೇಡಿ.

ಮೊದಲೇ ಅಂಟು ಹಾಕುವುದಿಲ್ಲ. ಕಿಟಕಿ ಗಾಜಿಗೆ ಹಚ್ಚುವ ಲಾಂಬಿಯಂಥ ಮೆತ್ತನೆಯ ಹಿಟ್ಟನ್ನು ಹಚ್ಚಿ, ಬಿಲ್ಲೆಯನ್ನು ಇಲ್ಲಿ ಒಮ್ಮೆ ಅಲ್ಲಿ ಒಮ್ಮೆ ಇಟ್ಟು ಕೇಳಬೇಕು. ಒಂದು ಕಡೆ ದಪ್ಪ ತಂತಿಗಳು ಡೊಳ್ಳಿನಂತೆ ಗುಮ್ಮೆಂದವು. ಇನ್ನೊಂದು ಕಡೆ ಸಣ್ಣ ತಂತಿಗಳು ತಗಡಿನಂತೆ ಕೇಳಿಸಿದವು. ಕುದುರೆಯ ಹಿಂದೆ, ದಪ್ಪ ತಂತಿಗಳ ಕಡೆಗೆ ತುಸು ಸರಿಸಿ ಇಟ್ಟಾಗ ಗಿಟಾರ್ ತನ್ನ ಧ್ವನಿಯಲ್ಲಿ ನುಡಿಯಿತು. ಇವರು ನುಡಿಸುವಾಗ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದೆನಲ್ಲ, ಹಾಗೆಯೇ. ನನ್ನ ಕೈ ಅಲ್ಲಿಯೇ ನಿಂತಿತು. “ಇನ್ನೊಮ್ಮೆ ಬಾರಿಸಿ” ಎಂದರು ಸುಖೇಶ್. ಆಗಲಿಲ್ಲ.

ಗಿಟಾರನ್ನು ಮಂಚದ ಮೇಲೆ ಮಲಗಿಸಿ ಇಬ್ಬರೂ ಅಡುಗೆಮನೆಗೆ ಬಂದೆವು. ಸ್ಪೀಕರ್ ಚಾಲೂ ಇತ್ತು. ಚಹಾ ಸೋಸುವಾಗ ಆ ಕೋಣೆಯಿಂದ ಧಕ್, ಧಕ್ ಎಂದು ಕೇಳಿಸಿತು. ಹೆಬ್ಬೆರಳಿನ ಪಕ್ಕದಿಂದ ಮರವನ್ನು ತಟ್ಟಿದ ಹಾಗೆ. ಹಾಡು ಶುರು ಮಾಡುವ ಮೊದಲು ಇವರು ಹಾಗೆ ತಟ್ಟಿ ಲಯ ಹಿಡಿಯುತ್ತಿದ್ದದ್ದು ನಿಮಗೆ ನೆನಪಿರಬಹುದು. ನನ್ನ ಭ್ರಮೆ ಎಂದುಕೊಂಡೆ. ಆದರೆ ಸುಖೇಶ್ ಕಪ್ಪು ಕೆಳಗಿಟ್ಟು ಎದ್ದರು. ಬಾಗಿಲಲ್ಲಿ ನಿಂತು ನೋಡಿದೆವು. ಗಿಟಾರಿನ ಹತ್ತಿರ ಯಾರೂ ಇರಲಿಲ್ಲ. ಸದ್ದು ಸ್ವಲ್ಪ ಹೊತ್ತು ಇತ್ತು, ನಿಂತಿತು.

ನೀವು ನಡುಕದ ವಿಷಯ ಬರೆದಾಗ ನಾನು ಗುರಣ್ಣ ಕಾಕಾ ಅವರ ಮಾತನ್ನೇ ನಂಬಿದ್ದೆ. ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ ಅನ್ನಿಸಿತು.

ಇನ್ನೊಂದು ಕೆಲಸ ಉಳಿದಿದೆ. ಬಿಲ್ಲೆಯ ವೈರು ಈಗ ಗಿಟಾರಿನ ಬಾಯಿಯಿಂದ ಹೊರಗೆ ನೇತಾಡುತ್ತದೆ, ತಂತಿಗೆ ಬಡಿದು ಗುರುಗುಟ್ಟುತ್ತದೆ. ಅದನ್ನು ಒಳಗಿನಿಂದಲೇ ಒಯ್ದು, ಬುಡದಲ್ಲಿ ಹೆಗಲ ಪಟ್ಟಿ ಸಿಕ್ಕಿಸುವ ಗುಂಡಿ ಇದೆಯಲ್ಲ, ಅಲ್ಲಿ ಒಂದು ರಂಧ್ರ ಕೊರೆದು ಹೊರತೆಗೆಯಬೇಕು. ನೀವು ಬೇಡ ಎಂದಿದ್ದೀರೆಂದು ಹೇಳಿದೆ. ಸುಖೇಶ್, “ಹಾಗಾದರೆ ಬೇಡ. ಅವರ ಅಮ್ಮ ಇದ್ದಾರಲ್ಲ, ಅವರನ್ನು ಕೇಳದೆ ಕೊರೆಯುವುದು ಹೇಗೆ” ಎಂದು ಡ್ರಿಲ್ ತಿರುಗಿ ಚೀಲಕ್ಕೆ ಹಾಕಿದ.

ನಿಮ್ಮ ಸೊಸೆ,
ಮಾಧುರಿ


ಭೋರ್
2-2-2005

ಚಿ. ಸೌ. ಮಾಧುರಿಗೆ ಆಶೀರ್ವಾದಗಳು.

ನಿನ್ನ ಪತ್ರ ಬಂದಾಗಿನಿಂದ ಅನ್ನ ಸೇರುತ್ತಿಲ್ಲ. ಅವನು ಹೇಗೆ ತಟ್ಟಿದ, ಸರಿಯಾಗಿ ಬರೆ. ಸಿಟ್ಟಿನಿಂದ ಬಡಿದ ಹಾಗಿತ್ತೋ, ಸಮಾಧಾನದಿಂದ ತಟ್ಟಿದ ಹಾಗಿತ್ತೋ? ನನ್ನ ಹತ್ತಿರ ಇಷ್ಟು ವರ್ಷ ಬರಿಯ ನಡುಕ ಆಗಿದ್ದವನು ನಿನ್ನ ಹತ್ತಿರ ಬಂದ ಕೂಡಲೇ ಸದ್ದು ಮಾಡಿದ. ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ನಾನು ಕಿವುಡಿ ನಿಜ, ಕಣ್ಣು ಚೆನ್ನಾಗಿವೆ. ಮೊದಲ ಪತ್ರದಲ್ಲಿ ಅವನು ‘ಸೌಂಡಿನವರು’ ಆಗಿದ್ದ. ಈ ಪತ್ರದ ಮೊದಲಲ್ಲಿ ‘ಸುಖೇಶ್ ಅವರು’ ಇದೆ. ಕೊನೆಗೆ ಬರುವಷ್ಟರಲ್ಲಿ ‘ಚೀಲಕ್ಕೆ ಹಾಕಿದ’ ಎಂದು ಬರೆದಿದ್ದೀ.

ಯಾರವನು? ಮಾಂತು ತಟ್ಟಿದ್ದು ಅವನಿಗೆ ಕೇಳಲೆಂದೋ?

ಸಾವಂತ್ರವ್ವ


ಹಡಪಸರ, ಪುಣೆ
24-4-2005

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ಬರೆದು ಹರಿದೆ, ಮತ್ತೆ ಬರೆದು ಹರಿದೆ.

ಮೊದಲು ಆ ಸದ್ದಿನ ಮಾತು. ಅದು ಮತ್ತೆ ಕೇಳಿಸಿತು, ಆಮೇಲೆ ಮತ್ತೊಂದು ದಿನವೂ ಕೇಳಿಸಿತು. ಯಾವಾಗಲೂ ಬೆಳಿಗ್ಗೆಯೇ. ನಾನು ಮಂಚದ ಪಕ್ಕ ಕುಳಿತು ಕಾಯತೊಡಗಿದೆ. ಶಾಲೆಗೆ ತಡವಾಗಿ ಹೋಗತೊಡಗಿದೆ. ಒಂದು ದಿನ ಅವರ ಹೆಸರು ಹಿಡಿದು ಕರೆದೆ. ಮದುವೆಯಾದಾಗಿನಿಂದ ಮೊದಲ ಸಲ ಬಾಯಿಬಿಟ್ಟು ಮಾಂತೇಶ ಎಂದೆ. ಧಕ್, ಧಕ್ ಎನ್ನುತ್ತಲೇ ಇತ್ತು.

ಸುಖೇಶ್ ಒಂದು ಬೆಳಿಗ್ಗೆ ಬಂದು ನನ್ನನ್ನು ಹಾಗೆ ನೋಡಿದರು. ಏನೂ ಹೇಳದೆ ಕೆಳಗಿಳಿದು ಹೋದರು. ಸದ್ದು ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು. ಮೇಲೆ ಬಂದು, “ನೀರಿನ ಮೋಟಾರು. ಬೋಲ್ಟು ಸಡಿಲ ಉಂಟು. ಪೈಪು ಈ ಗೋಡೆಯಲ್ಲೇ ಬಂದಿದೆ, ಮಂಚ ಗೋಡೆಗೆ ತಾಗಿದೆ” ಎಂದರು. ವಾಚ್‌ಮನ್ನನಿಂದ ಮೋಟಾರು ಹಚ್ಚಿಸಿ ಆರಿಸಿ ನೋಡಿದ್ದರು. ನಾನು ಅವರನ್ನು ಮನೆಯಿಂದ ಹೊರಗೆ ಹೋಗಿ ಎಂದೆ. ಹೋದರು.

ಆ ಮೇಲೆ ಮಂಚವನ್ನು ಗೋಡೆಯಿಂದ ಸರಿಸಿದೆ. ಸದ್ದು ಬರುವುದಿಲ್ಲ. ಕೆಲವು ದಿನ ಮತ್ತೆ ಗೋಡೆಗೆ ತಾಗಿಸಿ ಕೂರುತ್ತೇನೆ. ಮೋಟಾರು ಎಂದು ಗೊತ್ತಿದ್ದೂ.

ಸುಖೇಶ್ ಯಾರು ಎಂದು ಕೇಳಿದ್ದೀರಿ. ಉಡುಪಿ ಕಡೆಯವರು. ಅಪ್ಪ ಇಲ್ಲಿಯೇ ಹೋಟೆಲು ನಡೆಸುತ್ತಾರೆ. ಸುಖೇಶ್ ದುಡ್ಡು ಎಣಿಸುವ ಗಲ್ಲೆಯ ಮೇಲೆ ಕೂರದೆ ಸೌಂಡ್ ಕೆಲಸ ಹಿಡಿದರು. ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದಾರೆ. ನಾನು ಇನ್ನೂ ಏನೂ ಹೇಳಿಲ್ಲ. ಬೇಡ ಎಂದೂ ಹೇಳಿಲ್ಲ.

ಅತ್ತೆಯವರೇ, ಇವರು ಹೋದ ಆ ವಾರ ನಮ್ಮಿಬ್ಬರ ನಡುವೆ ಏನು ನಡೆದಿತ್ತು ಎಂದು ನೀವು ಒಂದು ದಿನವೂ ಕೇಳಲಿಲ್ಲ. ನನ್ನ ತವರಿನವರು ಕೇಳಿದರು, ಪೊಲೀಸರು ಕೇಳಿದರು. ನೀವು ಕೇಳಲಿಲ್ಲ. ಏನೂ ನಡೆದಿರಲಿಲ್ಲ. ಶುಕ್ರವಾರ ಮೆಂತ್ಯದ ಪಲ್ಯ ಮಾಡಿದ್ದೆ. ಚೆನ್ನಾಗಿದೆ ಎಂದು ಇನ್ನೊಂದು ಸಲ ಹಾಕಿಸಿಕೊಂಡರು. ಜಗಳ ಆಗಿದ್ದರೆ ಹಿಡಿದುಕೊಳ್ಳಲು ನನಗೆ ಏನಾದರೂ ಇರುತ್ತಿತ್ತು. ಕಾಲು ಜಾರಿತೋ, ತಾವೇ ಹೋದರೋ, ಬೇರೆ ಊರಿನಲ್ಲಿ ಬೇರೆ ಹೆಸರಿಟ್ಟುಕೊಂಡು ಇದ್ದಾರೋ. ಬಸ್ಸಿನಲ್ಲಿ ಮುಂದಿನ ಸೀಟಿನವರ ಕುತ್ತಿಗೆ ನೋಡುತ್ತೇನೆ. ಬಾಗಿಲು ಬಡಿದರೆ ಸೆರಗು ಸರಿಮಾಡಿಕೊಳ್ಳುತ್ತೇನೆ.

ಬರುವ ಜುಲೈಗೆ ಏಳು ವರ್ಷ. ಅಷ್ಟು ಕಾಲ ಒಬ್ಬರ ಸುದ್ದಿ ಮನೆಯವರಿಗೆ ಬರದಿದ್ದರೆ ಕೋರ್ಟು ಮದುವೆಯನ್ನು ಬಿಡಿಸಿಕೊಡುತ್ತದಂತೆ. ಸತ್ತಿದ್ದಾರೆ ಎಂದು ಯಾರೂ ಹೇಳಬೇಕಾಗಿಲ್ಲ. ಸುದ್ದಿ ಬಂದಿಲ್ಲ ಎಂದು ಹೇಳಿದರೆ ಸಾಕು. ಬದುಕಿದ್ದರೆ ಮೊದಲು ತಾಯಿಗೆ ತಿಳಿಸುತ್ತಿದ್ದರು, ಆದ್ದರಿಂದ ನಿಮ್ಮ ಮಾತು ಬೇಕು ಎನ್ನುತ್ತಾರೆ ವಕೀಲರು.

ಇವರು ಎಲ್ಲೋ ಇರುವುದು ನಿಮಗೆ ತಿಳಿಯುತ್ತಿದೆ ಎಂದು ನೀವು ನನಗೆ ಬರೆದಿದ್ದೀರಿ. ನನ್ನ ಸಲುವಾಗಿ ಸುಳ್ಳು ಹೇಳಿ ಎಂದು ಕೇಳಲಾರೆ. ಗಿಟಾರಿಗೆ ಇನ್ನೂ ರಂಧ್ರ ಕೊರೆದಿಲ್ಲ.

ಮಾಧುರಿ


ಭೋರ್
11-10-2005

ಮಾಧುರಿಗೆ,

ಹೇಳುವುದು ಬಹಳ ಇಲ್ಲ. ದೀಪಾವಳಿ ಮುಗಿದ ಮೇಲೆ ಗುರಣ್ಣನ ಸಂಗಡ ಪುಣೆಗೆ ಬರುತ್ತೇನೆ. ಆ ಮನುಷ್ಯನನ್ನು ನೋಡಬೇಕು. ಗಿಟಾರಿನ ಮೇಲೆ ಕೈ ಇಡಬೇಕು. ಅಲ್ಲಿಯವರೆಗೆ ಕೊರೆಯಬೇಡಿ.

ಸಾವಂತ್ರವ್ವ


ಭೋರ್
25-6-2006

ಚಿ. ಮಾಧುರಿಗೆ ಆಶೀರ್ವಾದಗಳು.

ನಿನ್ನ ಮನೆಗೆ ಬಂದಾಗಲೂ ನಾನು ಮಾತಾಡಲಿಲ್ಲ, ಮೊನ್ನೆ ಕೋರ್ಟಿಗೆ ಬಂದಾಗಲೂ ಮಾತಾಡಲಿಲ್ಲ. ಕೋರ್ಟಿನಿಂದ ನೇರ ಸ್ವಾರಗೇಟಿಗೆ ಹೋಗಿ ಬಸ್ಸು ಹತ್ತಿದೆ. ನೀನು ಕಿಟಕಿಯ ಹೊರಗೆ ನಿಂತಿದ್ದೆ. ಆ ಮುಖ ಕಣ್ಣ ಮುಂದೆಯೇ ಇದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ದೀಪಾವಳಿ ಮುಗಿಸಿ ನಿನ್ನ ಮನೆಗೆ ಬಂದಿದ್ದೆನಲ್ಲ, ಅವತ್ತು ನೀನು ಶಾಲೆಗೆ ಹೋಗಿದ್ದೆ. ಗುರಣ್ಣ ಪೇಟೆಗೆ ಹೋಗಿದ್ದ. ಸುಖೇಶ ತನ್ನ ಪೆಟ್ಟಿಗೆ ತಂದು ಕುಳಿತ. ನಾನು ಹಾಸಿಗೆಯ ಮೇಲೆ ಕುಳಿತು ಗಿಟಾರ್ ತೊಡೆಯ ಮೇಲೆ ಇಟ್ಟುಕೊಂಡೆ. ಬೆನ್ನಿಗೆ ಕೈ ಇಟ್ಟೆ. ನಡುಗಿತು. ಭೋರಿನಲ್ಲಿ ಹೇಗೆ ನಡುಗುತ್ತಿತ್ತೋ ಹಾಗೆಯೇ. ನಾನು ಅವನಿಗೆ, “ಬಂದಾನ ನೋಡು, ಅದಾನ ಇಲ್ಲೇ” ಅಂದೆ. “ನಿನ್ನ ಮೋಟಾರು ಬಂದ್ ಅದ ಏನು?” ಎಂದೂ ಕೇಳಿದೆ. ಅವನು ಕೆಳಗೆ ಹೋಗಿ ನೋಡಿ ಬಂದು, ಬಂದ್ ಉಂಟು ಎಂದು ಕೈಸನ್ನೆ ಮಾಡಿದ.

ಆ ಬಿಲ್ಲೆಯಲ್ಲಿ ನನಗೆ ಕೇಳಿಸು ಅಂದೆ. ಅವನು ಮನಸ್ಸು ಮಾಡಲಿಲ್ಲ. ನಾನು ಬಿಡಲಿಲ್ಲ. ಕೊನೆಗೆ ಎರಡು ಕಿವಿಗೂ ಮುಚ್ಚಳದಂಥ ಫೋನು ಹಾಕಿ, ಪೆಟ್ಟಿಗೆಯ ತಿರುಗಣಿ ಏರಿಸುತ್ತ ಹೋದ. ಕೇಳಿಸಿತು ಮಾಧುರಿ. ಒಣಗಿದ ಎಲೆಗಳ ಮೇಲೆ ಏನೋ ಓಡಾಡಿದ ಹಾಗೆ ಸರಸರ, ಸರಸರ. ಎಷ್ಟೋ ವರ್ಷದ ಮೇಲೆ ಅಷ್ಟು ಸ್ಪಷ್ಟವಾಗಿ ನನಗೆ ಏನಾದರೂ ಕೇಳಿಸಿದ್ದು. ಕಣ್ಣು ಮುಚ್ಚಿಕೊಂಡೆ. ಮಾಂತು ಎಲ್ಲೋ ನಡೆಯುತ್ತಿದ್ದಾನೆ ಅನ್ನಿಸಿತು.

ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದೆ. ಸದ್ದು ನಿಂತಿತು.

ಕೈ ಇಟ್ಟೆ, ಬಂತು. ಎತ್ತಿದೆ, ಹೋಯಿತು. ಕೈಯನ್ನು ಬೆಳಕಿಗೆ ಹಿಡಿದು ನೋಡಿದೆ. ಬೆರಳು ನಡುಗುತ್ತಿದ್ದವು. ನನ್ನ ಅಪ್ಪನಿಗೂ ಕೊನೆಗಾಲದಲ್ಲಿ ಹೀಗೆಯೇ ಕೈ ನಡುಗುತ್ತಿದ್ದವು, ಬಟ್ಟಲು ನಿಲ್ಲುತ್ತಿರಲಿಲ್ಲ. ನನಗೆ ಯಾವಾಗ ಶುರುವಾಯಿತೋ ನಾನು ನೋಡಿಕೊಂಡೇ ಇಲ್ಲ.

ಗಿಟಾರನ್ನು ಹಾಸಿಗೆಯ ಮೇಲೆ ಬಿಟ್ಟು ದೂರ ಸರಿದು ಕುಳಿತೆ. ಫೋನು ಕಿವಿಯಲ್ಲಿಯೇ ಇತ್ತು. ಬಹಳ ಹೊತ್ತು ಕುಳಿತೆ. ಕಿವುಡಿಗೆ ಹೊರಗೆ ಎಲ್ಲಾ ಇದ್ದೂ ಕೇಳಿಸುವುದಿಲ್ಲ. ಆ ಮೌನ ನನಗೆ ರೂಢಿಯಾಗಿದೆ. ಇದು ಬೇರೆ. ಇದರಲ್ಲಿ ಕೇಳುವುದಕ್ಕೆ ಏನೂ ಇರಲಿಲ್ಲ.

ಸುಖೇಶ ನನ್ನನ್ನು ನೋಡಲಿಲ್ಲ. ವೈರಿನ ಗಂಟು ಬಿಡಿಸುತ್ತ ಕುಳಿತಿದ್ದ. ಅದರಲ್ಲಿ ಗಂಟೇ ಇರಲಿಲ್ಲ. ನಾನು ಕೈ ಇಟ್ಟಾಗಲೇ ಅವನಿಗೆ ತಿಳಿದಿರಬೇಕು. ಅಮ್ಮ, ಅದು ನಿಮ್ಮದೇ ಕೈ ಎಂದು ಹೇಳಿದ್ದರೆ ನಾನು ಅವನ ಮುಖ ನೋಡುತ್ತಿರಲಿಲ್ಲ.

“ಕೊರಿ” ಅಂದೆ. ಅವನು ಕೇಳಿಸದವನ ಹಾಗೆ ಕುಳಿತ. ಮತ್ತೊಮ್ಮೆ ಹೇಳಿದೆ. “ಅಮ್ಮ, ಇವತ್ತು ಬೇಡ” ಎಂದು ತಲೆಯಾಡಿಸಿದ. ನಾನೇ ಗಿಟಾರ್ ಎತ್ತಿ ತೊಡೆಯ ಮೇಲೆ ನಿಲ್ಲಿಸಿ, ಎರಡು ಕೈಯಿಂದ ಹಿಡಿದುಕೊಂಡೆ. ಗುಂಡಿ ತೆಗೆದ. ಸಿಬಿರು ಏಳದಿರಲೆಂದು ಸುತ್ತ ಅಂಟುಪಟ್ಟಿ ಹಚ್ಚಿದ. ಮೊದಲು ಸಣ್ಣ ಮೊನೆಯಿಂದ, ಆಮೇಲೆ ದೊಡ್ಡದರಿಂದ, ಕೈಯಿಂದ ತಿರುಗಿಸುವ ಡ್ರಿಲ್ಲಿನಿಂದ ನಿಧಾನವಾಗಿ ಕೊರೆದ. ನನ್ನ ಎದೆಯವರೆಗೂ ಬಂತು ಅದರ ಅದುರು. ಮಾಂತುನನ್ನು ಹೆತ್ತಾಗ ಸೂಲಗಿತ್ತಿ ಕೂಗಬೇಡ ಎಂದು ಬಾಯಿಗೆ ಬಟ್ಟೆ ಕೊಟ್ಟಿದ್ದಳು. ಇದನ್ನು ಕೊರೆಯುವಾಗ ಸೆರಗು ಕಚ್ಚಿಕೊಂಡೆ. ಮರದ ಪುಡಿ ನನ್ನ ಸೀರೆಯ ಮೇಲೆ ಬಿತ್ತು. ಒಳಗಿನ ಮರ ಇನ್ನೂ ಹೊಸದರ ಹಾಗೆ ಬೆಳ್ಳಗಿತ್ತು.

ನೀನು ಬಂದಾಗ ಅವನು ನೆಲ ಗುಡಿಸುತ್ತಿದ್ದ. “ಅತ್ತಿ, ನೀವ ಕೊರಸಿದ್ರೇನು?” ಎಂದು ಕೇಳಿದೆ. ನಾನು ಚಹಾ ಮಾಡು ಅಂದೆ. ಆಗ ಇದನ್ನೆಲ್ಲ ಹೇಳಲು ನನಗೆ ಬಾಯಿ ಇರಲಿಲ್ಲ.

ಅವನ ಸಂಗಡ ನೀನು ಬಾಳಬಹುದು. ಮದುವೆಗೆ ನನ್ನನ್ನು ಕರೆಯಬೇಡ. ಕರೆದರೆ ಬರಬೇಕಾಗುತ್ತದೆ.

ಇನ್ನು ಕೋರ್ಟಿನ ಮಾತು. ಕಟಕಟೆಯಲ್ಲಿ ನಿಂತಾಗ ನಿನ್ನ ವಕೀಲರು ಹೆಸರು ಕೇಳಿದರು, ಊರು ಕೇಳಿದರು, ಹೇಳಿದೆ. ಆಮೇಲೆ ಮರಾಠಿಯಲ್ಲಿ, ಈ ಏಳೆಂಟು ವರ್ಷದಲ್ಲಿ ಮಗನ ಸುದ್ದಿ ಏನಾದರೂ ಬಂದಿದೆಯೇ ಎಂದು ಕೇಳಿದರು. ನಾನು ಸುಮ್ಮನೆ ನಿಂತೆ. ಮತ್ತೊಮ್ಮೆ ಕೇಳಿದರು. ಈ ಹೆಂಗಸಿಗೆ ಕಿವಿ ಮಂದ, ಜೋರಾಗಿ ಕೇಳಿ ಎಂದರು ಜಡ್ಜ್ ಸಾಹೇಬರು. ಗುರಣ್ಣ ಬಂದು ನನ್ನ ಕಿವಿಯ ಹತ್ತಿರ, “ವೈನಿ, ಮಾಂತುನ ಸುದ್ದಿ ಏನರ ಬಂದದೇನು ಅಂತ ಕೇಳ್ಲಿಕತ್ತಾರ” ಎಂದು ಕೂಗಿದ. ನೀನು ಬೆಂಚಿನ ಅಂಚು ಹಿಡಿದುಕೊಂಡು ಕುಳಿತಿದ್ದೆ. ಮುದುಕಿ ಈಗ ಏನು ಹೇಳುತ್ತಾಳೋ ಎಂದು ನಿನಗೆ ಭಯ ಆಗಿತ್ತು.

ನನಗೆ ಮೊದಲ ಸಲ ಕೇಳಿದಾಗಲೇ ತಿಳಿದಿತ್ತು ಮಾಧುರಿ. ಉತ್ತರ ಹೇಳುವ ಮೊದಲು ಮಾಂತುನಿಗೆ ಇನ್ನೊಂದು ಸಲ ಕಿವಿಗೊಡೋಣ ಎಂದು ನಿಂತಿದ್ದೆ. ಈ ಮಂದ ಕಿವಿ ಎಷ್ಟು ದೂರ ಹೋಗುತ್ತದೋ ಅಷ್ಟು ದೂರ ಹೋಗಲಿ ಎಂದು ಬಿಟ್ಟೆ.

ಆಮೇಲೆ ನಾಹೀ ಅಂದೆ.

ಸಾವಂತ್ರವ್ವ